ಬೀಗಿತ್ತಿಯ ಮರ

ಮೈತುಂಬ ಹೂ ಬಿಟ್ಟಿದ್ದ ಮರವನ್ನು ಕಡಿಸಿದವಳು ನಾನು. ಕಟ್ಟಿಗೆಯ ಹಾಗೆ ಬೋಳಾಗಿ ನಿಂತಿದ್ದ ಮರವನ್ನು ಉಳಿಸಿದವಳೂ ನಾನೇ. ಸರಿಯಾಗಿಯೇ ಮಾಡಿದೆ. ಮಗಳು ಇದನ್ನು ಬೇರೆ ಥರ ಹೇಳುತ್ತಾಳೆ, ಅವ್ವನ ಹಟ ಅನ್ನುತ್ತಾಳೆ. ನಮ್ಮ ಅಳಿಯ ಇನ್ನೊಂದು ಥರ ಹೇಳುತ್ತಾರೆ, ಕಂಪ್ಯೂಟರಿನಲ್ಲಿ ಹುಡುಕಿ ತಾವೇ ಕಂಡುಹಿಡಿದ ಹಾಗೆ. ಇಬ್ಬರೂ ಹಗಲೆಲ್ಲ ಆಫೀಸಿನಲ್ಲಿದ್ದವರು. ಹಿತ್ತಲಲ್ಲಿ ಇದ್ದವಳು ನಾನು.

ಆಗ ಅಮೆರಿಕದ ಸನ್ನಿವೇಲ್‌ನಲ್ಲಿ ಕಂಪನಿಗಳು ನಾಯಿಕೊಡೆಯ ಹಾಗೆ ಏಳುತ್ತಿದ್ದವು. ಎಲ್ಲದರ ಹೆಸರಿಗೂ ಡಾಟ್‌ಕಾಮ್ ಎಂಬ ಬಾಲ. ಮಗಳು ಅಂಥದೊಂದರಲ್ಲಿ, ಅಳಿಯ ರೆಡ್‌ವುಡ್ ಸಿಟಿಯ ಕಡೆ ಇನ್ನೊಂದರಲ್ಲಿ. ಬೆಳಗಿನ ಮಂಜು ಹರಿಯುವ ಮೊದಲೇ ಕಾರು ಹತ್ತಿದರೆ ದೀಪ ಹಚ್ಚಿದ ಮೇಲೆ ಮನೆ. ಕೂಸನ್ನು ಡೇಕೇರಿಗೆ ಬಿಡುವ ಮನಸ್ಸು ಇಬ್ಬರಿಗೂ ಇರಲಿಲ್ಲ. ಇದಕ್ಕೆ ಅಲ್ಲಿನ ನಮ್ಮವರ ಮನೆಗಳಲ್ಲಿ ಒಂದು ಪದ್ಧತಿಯೇ ಇದೆ: ಇಬ್ಬರು ಅಜ್ಜಿಯರು, ಆರಾರು ತಿಂಗಳ ಪಾಳಿ. ವೀಸಾ ಅಷ್ಟೇ ದಿನ ಇರಗೊಡುತ್ತದೆ. ಗಿರಣಿಯ ಭೋಂಗಾ ಕೂಗಿದಾಗ ಒಂದು ಪಾಳಿಯವರು ಹೊರಗೆ, ಇನ್ನೊಂದು ಪಾಳಿಯವರು ಒಳಗೆ ಹೋಗುತ್ತಾರಲ್ಲ, ಹಾಗೆ. ಒಬ್ಬಳು ಹಾಕಿಟ್ಟ ಉಪ್ಪಿನಕಾಯಿಯನ್ನು ಇನ್ನೊಬ್ಬಳು ತಿನ್ನುತ್ತಾಳೆ. ಮುಖ ಮಾತ್ರ ನೋಡುವುದಿಲ್ಲ.

ಮೊದಲ ಪಾಳಿ ನನ್ನದಾಗಬೇಕಿತ್ತು. ಹೆಣ್ಣುಮಗಳ ಬಾಣಂತನ ತವರಿನದು, ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ನಾನು ಮೂರನೆಯ ಇಯತ್ತೆಗೇ ಶಾಲೆ ಬಿಟ್ಟವಳು, ಹುಟ್ಟಿದ ದಿನ ಎಲ್ಲಿಯೂ ಬರೆದಿರಲಿಲ್ಲ. ಪಾಸ್‌ಪೋರ್ಟಿಗೆ ಆ ಕಾಗದ ಈ ಕಾಗದ ಎಂದು ಗದಗಿಗೂ ಹುಬ್ಬಳ್ಳಿಗೂ ಓಡಾಡುವಷ್ಟರಲ್ಲಿ ಮಗಳಿಗೆ ದಿನ ತುಂಬಿಬಿಟ್ಟವು. ಮೈಸೂರಿನಿಂದ ನನ್ನ ಬೀಗಿತ್ತಿ, ಅಂದರೆ ಅಳಿಯನ ತಾಯಿ, ವಿಮಾನ ಹತ್ತಿದರು. ನನ್ನ ಮಗಳಿಗೆ ಎಣ್ಣೆ ಹಚ್ಚಿ ನೀರೆರೆದವರು ಅವರು. ಕಿವಿಗೆ ಅರಿವೆ ಕಟ್ಟಿ, ಕಿಟಕಿಗೆ ಪರದೆ ಎಳೆದು, ಗಾಳಿ ತಾಗದಂತೆ ಕೂಡಿಸಿದವರು ಅವರು. ಕೂಸಿಗೆ ಸಾಂಬ್ರಾಣಿ ಹೊಗೆ ಕೊಡುವಾಗ ಮನೆಯ ಅಲಾರಮ್ಮು ಕೂಗಿಕೊಂಡಿತಂತೆ. ಅದನ್ನೂ ನನಗೆ ಫೋನಿನಲ್ಲಿ ಜಂಬದಿಂದಲೇ ಹೇಳಿದರು.

ನಾನು ಅಕ್ಟೋಬರಿನಲ್ಲಿ ಹೋಗಿ ಇಳಿದೆ. ಕೂಸಿಗೆ ಆರು ತಿಂಗಳು. ನನ್ನ ಮುಖ ನೋಡಿ ಕಿರುಚಿತು. ಅಡುಗೆಮನೆಯಲ್ಲಿ ಪ್ರತಿಯೊಂದು ಡಬ್ಬಿಯೂ ಬೀಗಿತ್ತಿ ಕೂಡಿಸಿದ ಜಾಗದಲ್ಲಿ ಕೂತಿತ್ತು. ಮೊದಲ ವಾರವೇ ಎಲ್ಲವನ್ನೂ ಸರಿಸಿದೆ.

ಅಡುಗೆಮನೆಯ ಬಾಗಿಲು ತೆರೆದರೆ ಹಿತ್ತಲು, ಮೂಡಲ ದಿಕ್ಕಿಗೆ. ಅಲ್ಲಿ ಎರಡು ಮರ, ಎಡಕ್ಕೊಂದು, ಬಲಕ್ಕೊಂದು, ನಡುವೆ ಹುಲ್ಲು. ಎತ್ತರದಲ್ಲಿ ಹೆಚ್ಚುಕಡಿಮೆ ಒಂದೇ. ನಾನು ಹೋದಾಗ ಎಡಗಡೆಯದು ಕೆಂಪಾಗಿತ್ತು. ಕೆಂಪೆಂದರೆ ನಮ್ಮ ಕಡೆಯ ಇಳಕಲ್ ಸೀರೆಯ ಸೆರಗಿನ ಕೆಂಪು. ಎಲೆ ಕೈಗೆ ತೆಗೆದುಕೊಂಡು ನೋಡಿದೆ. ನರಗಳು ನಡುವಿನಿಂದ ಹೊರಟು, ಅಂಚು ಮುಟ್ಟುವ ಮೊದಲೇ ಬಾಗಿ, ಅಂಚಿನ ಜೊತೆಯಲ್ಲೇ ತುದಿಗೆ ಓಡುತ್ತಿದ್ದವು. ಕೊಂಬೆಯ ತುದಿಗಳಲ್ಲಿ ನಾಲ್ಕೈದು ಹಣ್ಣು ಒತ್ತೊತ್ತಾಗಿ ಕೂತಿದ್ದವು, ಕೆಂಪಗೆ, ಮಿರಿಮಿರಿ, ಬಾರೆಹಣ್ಣಿಗಿಂತ ಸಣ್ಣವು. ಒಂದನ್ನು ಹಲ್ಲಿನಲ್ಲಿ ಕಚ್ಚಿ ಉಗುಳಿದೆ. ಕಹಿ. ಹಕ್ಕಿಗಳಿಗೆ ಮಾತ್ರ ಹಬ್ಬ. ತೊಗಟೆ ಬೇಸಿಗೆಯಲ್ಲಿ ಬಿರಿದ ಎರೆಹೊಲದ ಹಾಗೆ ಸಣ್ಣ ಸಣ್ಣ ಚೌಕಗಳಾಗಿ ಒಡೆದಿತ್ತು. ಬಲಗಡೆಯ ಮರದ ಮೇಲೆ ನನಗೆ ಅಷ್ಟು ಕಣ್ಣು ಹೋಗಲಿಲ್ಲ. ಅದೂ ಹಳದಿಯಾಗಿ, ಕೆಂಪಾಗಿ ಎಲೆ ಉದುರಿಸಿತು.

ಡಿಸೆಂಬರಿಗೆ ಎರಡೂ ಬೋಳು. ಎರಡು ಕಸಬರಿಗೆ ತಲೆಕೆಳಗಾಗಿ ನೆಟ್ಟ ಹಾಗೆ.

ಸಂಕ್ರಾಂತಿ ಕಳೆದ ಮೇಲೆ ಅಳಿಯ ಒಂದು ದಿನ ಊಟಕ್ಕೆ ಕೂತಾಗ ಹೇಳಿದರು, ಹಿತ್ತಲಿಗೆ ಸೇರಿಸಿ ಒಂದು ಕೋಣೆ ಕಟ್ಟಿಸುತ್ತೇವೆ, ಎರಡೂ ಕಡೆಯ ಹಿರಿಯರು ಬಂದಾಗ ಇರುವುದಕ್ಕೆ. ಆ ಕೋಣೆ ಏಳಲೇ ಇಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಮುಂದಿನ ವರ್ಷ ಅವರ ಕಂಪನಿಯೇ ಬಾಗಿಲು ಹಾಕಿತು. ಆದರೆ ಆಗ ಎಲ್ಲರೂ ಏನಾದರೊಂದು ಕಟ್ಟಿಸುತ್ತಿದ್ದ ಕಾಲ. ಕೋಣೆ ಎಡಕ್ಕೂ ಬರಬಹುದು, ಬಲಕ್ಕೂ ಬರಬಹುದು, ಎರಡರಲ್ಲಿ ಒಂದು ಮರ ಮಾತ್ರ ಹೋಗಲೇಬೇಕು ಎಂದರು.

ಸುದ್ದಿ ಮೈಸೂರಿಗೆ ಮುಟ್ಟಿತು. ಬೀಗಿತ್ತಿ ಮಗನಿಗೆ ಹೇಳಿದ್ದು ಒಂದೇ ಮಾತು: "ನಾನು ಪೂಜೆಗೆ ಹೂ ತೆಗೀತಿದ್ದ ಮರ ಮುಟ್ಟಬೇಡ, ಇನ್ನೊಂದನ್ನ ತೆಗೆಸು." ಆಮೇಲೆ ಫೋನು ನನಗೆ ಕೊಡಿಸಿದರು.

"ಬೀಗರೇ, ಅವನು ಪಕ್ಕದಲ್ಲಿ ಇಲ್ಲ ತಾನೇ?"

"ಇಲ್ಲ, ಸ್ನಾನಕ್ಕ ಹೋಗ್ಯಾರ. ಯಾಕ್ರಿ?"

"ಮಗೂಗೆ ಹೊಕ್ಕುಳಬಳ್ಳಿ ಒಣಗಿ ಉದುರಿತಲ್ಲ, ಅದನ್ನ ಅವನು ಕಸದ ಡಬ್ಬಿಗೆ ಹಾಕಿಬಿಟ್ಟಿದ್ದ ಕಣ್ರೀ. ನಾನು ತೆಗೆದು, ಬಟ್ಟೇಲಿ ಸುತ್ತಿ, ಆ ಮರದ ಬುಡದಲ್ಲಿ ಹೂತಿದೀನಿ. ಹೂ ಬಿಡೋ ಮರದ ಕೆಳಗೇ ಹೂಳಬೇಕು ಅಂತ ನಮ್ಮತ್ತೆ ಹೇಳ್ತಿದ್ರು. ಮರ ಹೂ ಬಿಟ್ಟ ಹಾಗೆ ಮಗು ನಗುತ್ತಂತೆ."

"ಕಸದ ಡಬ್ಬ್ಯಾಗ ಕೈ ಹಾಕಿದ್ರಿ? ನೀವು?"

"ಹಾಕಿದೆ. ಆಮೇಲೆ ತಲೆಗೆ ಸ್ನಾನ ಮಾಡಿದೆ, ಬಿಡಿ. ಇದನ್ನ ಅವನಿಗೆ ಹೇಳಬೇಡಿ, ನಗ್ತಾನೆ. ಸೊಸೆಗೂ ಬೇಡ. ಆ ಮರಕ್ಕೆ ಕೊಡಲಿ ಬಿದ್ರೆ ನನ್ನ ಜೀವ ಇಲ್ಲಿ ನಿಲ್ಲಲ್ಲ. ನೀವೇ ನೋಡ್ಕೋಬೇಕು."

"ಯಾವ ಗಿಡ, ಸರಿಯಾಗಿ ಹೇಳ್ರಿ." ನಮ್ಮ ಕಡೆ ಮಾತಿನಲ್ಲಿ ಮರಕ್ಕೂ ಗಿಡವೆಂದೇ ಅನ್ನುತ್ತೇವೆ.

"ಸೂರ್ಯ ಹುಟ್ಟೋ ಮರ. ದಿನಾ ಬೆಳಿಗ್ಗೆ ಅಡುಗೆಮನೆ ಬಾಗಿಲಲ್ಲಿ ನಿಂತು ಅರ್ಘ್ಯ ಕೊಡ್ತಿದ್ದೆ, ಸೂರ್ಯ ಅದರ ಹಿಂದೇನೇ ಏಳ್ತಿದ್ದ. ಬಿಳೀ ಹೂವು, ಅಂಗೈಯಷ್ಟು ಅಗಲ."

ನೀವು ಇದನ್ನೆಲ್ಲ ನಂಬುತ್ತೀರಾ ಎಂದು ಯಾರಾದರೂ ಕೇಳಿದರೆ, ಇಲ್ಲ. ನನ್ನ ಮಕ್ಕಳ ಬಳ್ಳಿ ಎಲ್ಲಿ ಹೋಯಿತೆಂದು ನನಗೇ ಗೊತ್ತಿಲ್ಲ, ಅವು ನಕ್ಕುಕೊಂಡೇ ಇವೆ. ಆದರೆ ನಂಬಿದವರ ಎದುರಿಗೆ ಕೊಡಲಿ ಎತ್ತುವ ಬುದ್ಧಿ ನನ್ನದಲ್ಲ. ಆ ಬಳ್ಳಿ ಅವರ ಮೊಮ್ಮಗಳದ್ದಷ್ಟೇ ಅಲ್ಲ, ನನ್ನ ಮೊಮ್ಮಗಳದ್ದೂ ಹೌದು. ಮಡಿಯಲ್ಲಿದ್ದರೆ ಫೋನನ್ನೂ ಮುಟ್ಟದ ಹೆಂಗಸು ಕಸದ ಡಬ್ಬಿಗೆ ಕೈ ಹಾಕಿ ಅದನ್ನು ತೆಗೆದಿದ್ದಾರೆ. ಅವರಿಗೆ ಮೊಣಕಾಲಿನ ಆಪರೇಷನ್ ಆಗಿತ್ತು, ಮುಂದಿನ ಪಾಳಿಗೆ ಬರುವುದೇ ಅನುಮಾನವಿತ್ತು. ಅಲ್ಲಿದ್ದವಳು ನಾನು ಒಬ್ಬಳೇ. ಆಗಲಿ ಎಂದು ಮಾತು ಕೊಟ್ಟೆ.

ಮರುದಿನ ಬೆಳಿಗ್ಗೆ ಚಹಾ ಹಿಡಿದು ಬಾಗಿಲಲ್ಲಿ ನಿಂತೆ. ಸೂರ್ಯ ಬಲಗಡೆಯ ಮರದ ಹಿಂದೆ ಎದ್ದ. ಅದರ ಮರುದಿನವೂ ಅಲ್ಲೇ. ಮುಗಿಯಿತು, ಬಲಗಡೆಯದು ಬೀಗಿತ್ತಿಯದು. ಅಳಿಯನಿಗೆ ಹಾಗೆಯೇ ಹೇಳಿದೆ. ಅವರು ಮರ ಕಡಿಯುವವರನ್ನು ಫೆಬ್ರವರಿಯ ಒಂದು ಶನಿವಾರಕ್ಕೆ ಗೊತ್ತು ಮಾಡಿ, ಎಡಗಡೆಯದನ್ನು ತೆಗೆಯಬೇಕು ಎಂದು ತಿಳಿಸಿಬಿಟ್ಟರು.

ಆ ಶನಿವಾರ ಹತ್ತಿರ ಬಂದ ಹಾಗೆ ಬಲಗಡೆಯ ಮರ ಹೂ ಬಿಟ್ಟಿತು. ಮೊದಲು ಅಲ್ಲೊಂದು ಇಲ್ಲೊಂದು. ಗುರುವಾರದ ಹೊತ್ತಿಗೆ ಮರವೆಲ್ಲ ಬಿಳಿ, ಒಂದು ಕಡ್ಡಿಯೂ ಕಾಣದ ಹಾಗೆ. ಮಗಳು ಆಫೀಸಿಗೆ ಹೊರಟವಳು ಚೀಲ ಕೆಳಗಿಟ್ಟು ಕಿಟಕಿಗೆ ಬಂದಳು.

"ನೋಡು ಅವ್ವಾ, ಇದೇ ನಮ್ಮ ಅತ್ತೆ ಗಿಡ. ಎಷ್ಟ್ ಬ್ಯೂಟಿಫುಲ್ ಐತಿ. ನಾ ಬಾಣಂತಿ ಇದ್ದಾಗ ಪರದೆ ಸರಿಸಾಕ ಬಿಡಲಿಲ್ಲ ಅವರು, ನೋಡಲೇ ಇಲ್ಲ."

"ಇದಕ್ಕ ಅಂಗೈಯಷ್ಟು ಅಗಲ ಅಂದ್ರೇನು ನಿಮ್ಮತ್ತಿ? ನನ್ನ ಉಗುರಿನಷ್ಟಿಲ್ಲ."

"ಬಿಡವ್ವಾ. ಅವರು ಸ್ವಲ್ಪ ಎಕ್ಸ್‌ಟ್ರಾ ಹೇಳ್ತಾರ."

ನನಗೆ ಒಳಗೊಳಗೇ ಖುಷಿಯಾಯಿತು. ಬೀಗಿತ್ತಿ ಎಲ್ಲದರಲ್ಲೂ ಒಂದು ಕೈ ಮೇಲೆ ಹೇಳುವವರು. ಅವರ ಊರಿನ ಬದನೆಕಾಯಿಗೆ ಬೇರೆ ಊರಿನದು ಸಾಟಿಯಿಲ್ಲ, ಅವರ ಸಾರಿನ ಪುಡಿ ಮೂರು ಬೀದಿಗೆ ಘಮಘಮ. ಹೂವೂ ಹಾಗೆಯೇ ಹಿಗ್ಗಿದೆ ಅಂದುಕೊಂಡೆ. ಸೂರ್ಯನೂ ಅಲ್ಲೇ ಹುಟ್ಟಿದ್ದ, ಹೂವೂ ಬಿಳಿಯೇ ಆಗಿತ್ತು. ಇನ್ನೇನು ಬೇಕು.

ಶುಕ್ರವಾರ ಮಧ್ಯಾಹ್ನ ಕೂಸನ್ನು ಬಿಸಿಲಿಗೆ ಎತ್ತಿಕೊಂಡು ಆ ಹೂವಿನ ಮರದ ಕೆಳಗೆ ಹೋದೆ. ಕೂಸು ಮುಖ ಕಿವುಚಿತು. ಆಮೇಲೆ ನನ್ನ ಮೂಗಿಗೂ ಬಡಿಯಿತು. ಸಂತೆಯಲ್ಲಿ ಒಣಮೀನಿನ ಸಾಲು ದಾಟುವಾಗ ಬರುತ್ತದಲ್ಲ, ಅದೇ ನಾತ. ಡಯಪರು ನೋಡಿದೆ, ಕೂಸಿನದಲ್ಲ. ಕೊಂಬೆ ಬಗ್ಗಿಸಿ ಮೂಸಿದೆ. ಹೂವಿನದೇ. ನೋಡುವುದಕ್ಕೆ ಅಷ್ಟು ಚಂದ, ಮೂಗು ಮಾತ್ರ ಹಿಡಿದುಕೊಳ್ಳಬೇಕು.

ಅಲ್ಲಿಯೇ ನಿಂತು ಯೋಚಿಸಿದೆ. ಬೀಗಿತ್ತಿ ಬದನೆಕಾಯಿಯ ವಿಷಯದಲ್ಲಿ ದೊಡ್ಡದಾಗಿ ಹೇಳಬಹುದು, ಸಾರಿನ ಪುಡಿಯ ವಿಷಯದಲ್ಲಿ ಹೇಳಬಹುದು. ದೇವರ ವಿಷಯದಲ್ಲಿ ಹೇಳುವವರಲ್ಲ. ಮದುವೆಯಲ್ಲಿ ನಾನೇ ಕಣ್ಣಾರೆ ನೋಡಿದ್ದೇನೆ, ತಟ್ಟೆಯಲ್ಲಿದ್ದ ಮಲ್ಲಿಗೆಯನ್ನು ಒಂದು ಮಗು ಬಗ್ಗಿ ಮೂಸಿತೆಂದು ತಟ್ಟೆಯಷ್ಟನ್ನೂ ಪಕ್ಕಕ್ಕಿಟ್ಟು ಬೇರೆ ಹೂ ತರಿಸಿದರು. ಅಂಥ ಹೆಂಗಸು ಒಣಮೀನು ನಾರುವ ಹೂವನ್ನು ದಿನ ಬೆಳಗಾದರೆ ಕೊಯ್ದು ದೇವರ ತಲೆಯ ಮೇಲೆ ಇಡುತ್ತಾರೆಯೇ? ಸತ್ತರೂ ಇಡುವುದಿಲ್ಲ. ಹಾಗಾದರೆ ಇದು ಅವರ ಮರವಲ್ಲ. ಸೂರ್ಯ ಎಲ್ಲಿ ಬೇಕಾದರೂ ಹುಟ್ಟಿಕೊಳ್ಳಲಿ.

ಎರಡೂ ಮರದಿಂದ ಒಂದೊಂದು ಟೊಂಗೆ ಮುರಿದುಕೊಂಡು ಬಂದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟೆ. ಹೂವಿನ ಟೊಂಗೆಯಲ್ಲಿ ಹೂವಿಗೆ ಐದೈದು ದಳ, ಸಣ್ಣವು, ದುಂಡಗೆ, ಗೊಂಚಲು ಗೊಂಚಲು. ಬೋಳು ಟೊಂಗೆಯಲ್ಲಿ ಕವಲುಗಳು ಎದುರುಬದುರಾಗಿ, ಜೋಡಿ ಜೋಡಿಯಾಗಿ ಹೊರಟಿದ್ದವು. ಒಂದೊಂದು ತುದಿಯಲ್ಲಿ ಒಂದೊಂದು ಬೂದು ಬಣ್ಣದ ಗುಂಡಿ, ಗೇಣು ಎತ್ತರದ ಗೊಂಬೆಗೆ ರುಮಾಲು ಸುತ್ತಿದರೆ ಎಷ್ಟಿರುತ್ತದೋ ಅಷ್ಟು. ಚಳಿಗಾಲವೆಲ್ಲ ಅವನ್ನು ನೋಡಿದ್ದೆ, ಒಣಗಿದ ಕಾಯಿ ಉಳಿದಿವೆ ಎಂದು ಸುಮ್ಮನಿದ್ದೆ.

ಅಳಿಯ ಅಂದು ಬೇಗ ಬಂದರು, ಬಂದವರೇ ಕಂಪ್ಯೂಟರಿನ ಮುಂದೆ ಕೂತರು. ಆಗ ಇಂಟರ್ನೆಟ್ಟು ಫೋನಿನ ತಂತಿಯಲ್ಲೇ ಬರುತ್ತಿತ್ತು. ಅವರು ಅದನ್ನು ಹಿಡಿದರೆ ಫೋನು ಸತ್ತಂತೆ.

"ಅಳಿಯಾರ, ಅದನ್ನ ಬಂದ್ ಮಾಡ್ರಿ. ಮೈಸೂರಿಗೆ ಮಾತಾಡೂದೈತಿ."

"ಐದು ನಿಮಿಷ ಅತ್ತೆ, ಡೌನ್‌ಲೋಡು ಆಗ್ತಾ ಇದೆ."

"ನಿಮ್ಮ ತಾಯಾರ ಪೂಜಿ ಈಗ ಮುಗದಿರತೈತಿ. ಇನ್ನ ತಡಾ ಮಾಡಿದ್ರ ಗುಡಿಗೆ ಹೊಕ್ಕಾರ. ನಾಳೆ ಮುಂಜಾನೆ ಗರಗಸದವರು ಬರ್ತಾರ. ತಪ್ಪು ಗಿಡಾ ಕಡಸಾಕ ಹತ್ತೀರಿ ನೀವು."

ಮಗಳು ಬಂದಳು, ಇನ್ನೂ ಆಫೀಸಿನ ಬಟ್ಟೆಯಲ್ಲೇ. "ಅವ್ವಾ, ಹೂ ಬಿಟ್ಟಿರೂದು ಕಣ್ಣಿನ ಮುಂದ ಐತಿ. ಇನ್ನೇನ್ ಕನ್ಫರ್ಮ್ ಮಾಡೂದೈತಿ?"

"ಮೂಸಿ ಬಾ, ಆಮ್ಯಾಲೆ ಮಾತಾಡು."

ಅವಳು ನಿಜವಾಗಿಯೂ ಹೋಗಿ ಮೂಸಿ ಬಂದಳು. ಬಂದವಳೇ ಗಂಡನಿಂದ ಇಂಟರ್ನೆಟ್ಟು ಬಂದ್ ಮಾಡಿಸಿದಳು. ಅಳಿಯ ನಂಬರು ಒತ್ತಿ ಸ್ಪೀಕರು ಹಾಕಿದರು.

"ಯಾರಿಗೆ ಏನಾಯ್ತು?" ಅಂದರು ಬೀಗಿತ್ತಿ, 'ಹಲೋ' ಅನ್ನುವ ಮೊದಲೇ.

"ಯಾರಿಗೂ ಏನೂ ಆಗಿಲ್ಲ. ಬೀಗರ, ನಿಮ್ಮ ಹೂವಿಗೆ ದಳ ಎಷ್ಟು?"

"ಇದನ್ನ ಕೇಳೋಕೆ ಅಮೆರಿಕದಿಂದ ಫೋನಾ? ನಾಲ್ಕು. ಹೇಳಿದ್ನಲ್ಲ."

"ಹೇಳಿಲ್ಲ. ಅಂಗೈಯಷ್ಟು ಅಗಲ ಅಂತಷ್ಟ ಹೇಳಿದ್ರಿ. ನಾ ಕೊಚ್ಚಿಕೊಳ್ಳಾಕ ಹತ್ತ್ಯಾರ ಅಂತ ತಿಳಕೊಂಡೆ."

"ನಿಮ್ಮ ಬುದ್ಧಿ ನನಗೆ ಗೊತ್ತಿಲ್ವಾ? ಅಂಗೈಯಷ್ಟು ಅಂದ್ರೆ ಅಂಗೈಯಷ್ಟೇ."

ಮಗಳು ನಗು ತಡೆಯಲು, ಸೆರಗಿಲ್ಲದ್ದಕ್ಕೆ, ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ನಾನು ಬಿಡಲಿಲ್ಲ. "ದಳದ ತುದಿ ಹೆಂಗಿತ್ತು?"

"ಅದೊಂದು ಕಥೆ ಕೇಳಿ. ಪ್ರತಿ ದಳದ ತುದೀಲೂ ಉಗುರಲ್ಲಿ ಚಿವುಟಿದ ಹಾಗೆ ಒಂದು ಗುರುತು. ದೇವರಿಗೆ ಮುಕ್ಕಾದ ಹೂ ಏರಿಸಬಾರದಲ್ಲ, ಮೊದಲ ದಿನ ಕೊಯ್ದಿದ್ದನ್ನೆಲ್ಲ ಬಿಸಾಕಿದೆ. ಪಕ್ಕದ ಮನೆ ಮಕ್ಕಳು ಚಿವುಟಿದ್ದಾರೆ ಅಂತ ಬೈದೂ ಬಿಟ್ಟೆ, ಕನ್ನಡದಲ್ಲಿ. ಆಮೇಲೆ ನೋಡಿದ್ರೆ ಮರದ ತುಂಬ ಎಲ್ಲ ಹೂವೂ ಹಾಗೇನೇ. ಹುಟ್ಟುಗುಣ. ನಡುವೆ ಹಸಿರು ಹಳದಿ ಸಣ್ಣ ಸಣ್ಣ ಗಂಟು, ಒಂದು ಹಿಡಿ ಸಾಸಿವೆ ಅಂಟಿಸಿದ ಹಾಗೆ."

"ವಾಸನಿ?"

"ವಾಸನೆ ನೋಡಿ ದೇವರಿಗೆ ಏರಿಸ್ತೀನಾ ನಾನು?"

"ನೋಡದಿದ್ರೂ ಮೂಗಿಗೆ ಬರತೈತಲ್ಲರಿ."

"ಏನೂ ಬರ್ತಿರಲಿಲ್ಲ."

ಬೋಳು ಟೊಂಗೆಯನ್ನು ಎತ್ತಿಕೊಂಡೆ. ತುದಿಯ ಬೂದು ಗುಂಡಿಗೆ ಉಗುರು ಹಾಕಿ ಸೀಳಿದೆ. ಒಣಕಾಯಿಯಲ್ಲ ಅದು, ಹಸಿ ಮೊಗ್ಗು. ಮೇಲಿನ ಸಿಪ್ಪೆ ನಾಲ್ಕು ಹೋಳಾಗಿ ಬಿಚ್ಚಿತು, ಎಣಿಸಿದೆ, ನಾಲ್ಕೇ. ಅವುಗಳ ಮಡಿಲಲ್ಲಿ ಹಸಿರು ಕಾಳು, ಸಾಸಿವೆಗಿಂತ ಸಣ್ಣವು, ಒತ್ತೊತ್ತಾಗಿ ಕೂತಿದ್ದವು. ಅಳಿಯನ ಅಂಗೈಯಲ್ಲಿ ಇಟ್ಟೆ. ಅವರು ದೀಪದ ಕೆಳಗೆ ಹಿಡಿದು ನೋಡಿದರು, ಮಗಳಿಗೆ ಕೊಟ್ಟರು.

"ಆದ್ರೆ ಅಮ್ಮ," ಅಂದರು ಅಳಿಯ ಫೋನಿಗೆ, "ಸೂರ್ಯ ಹುಟ್ಟೋ ಮರ ಅಂದೆಯಲ್ಲ. ಸೂರ್ಯ ಹುಟ್ಟೋದು ಇನ್ನೊಂದು ಮರದ ಹಿಂದೆ. ಅತ್ತೆ ದಿನಾ ನೋಡಿದಾರೆ."

"ನಾನೇನು ಕುರುಡೀನೇನೋ? ನಾನೂ ದಿನಾ ನೋಡಿದೀನಿ."

ನಾನು ನಡುವೆ ಬಾಯಿ ಹಾಕಿದೆ. "ಬೀಗರ, ಸೂರ್ಯಗ ಎದುರಾಗಿ ನಿಂತ್ರ ಇನ್ನೊಂದು ಗಿಡಾ ನಿಮ್ಮ ಯಾವ ಕೈಗೆ ಬರ್ತಿತ್ತು?"

"ಬಲಗೈಗೆ. ಚೊಂಬು ಹಿಡಿದ ಕೈಗೆ."

ನನಗೆ ಅದು ಎಡಗೈಗೆ ಬರುತ್ತಿತ್ತು. ಮಾತು ಅಲ್ಲಿಗೆ ಇತ್ಯರ್ಥವಾಯಿತು. ಅಳಿಯ ತಲೆ ಕೆರೆದುಕೊಂಡು, "ಹೌದಲ್ಲ, ಇಲ್ಲಿ ಚಳಿಗಾಲದಲ್ಲಿ ಸೂರ್ಯ ಊರಿಗಿಂತ ಜಾಸ್ತಿ ದಕ್ಷಿಣಕ್ಕೆ ಜಾರ್ತಾನೆ, ಬೇಸಿಗೇಲಿ ಜಾಸ್ತಿ ಉತ್ತರಕ್ಕೆ" ಅಂದರು. ಉತ್ತರಾಯಣ ದಕ್ಷಿಣಾಯನ ನಮಗೂ ಗೊತ್ತು. ಆದರೆ ನಮ್ಮೂರಲ್ಲಿ ಅವನು ಸಭ್ಯಸ್ಥನ ಹಾಗೆ ಸ್ವಲ್ಪ ಸರಿದು ಕೂರುತ್ತಾನೆ. ಅಲ್ಲಿ ಒಂದು ಮರ ಬಿಟ್ಟು ಇನ್ನೊಂದು ಮರಕ್ಕೇ ಹೋಗಿಬಿಡುತ್ತಾನೆಂದು ಯಾರಿಗೆ ಗೊತ್ತು. ಅವರ ಪಾಳಿಯಲ್ಲಿ ಎಡಕ್ಕೆ ಹುಟ್ಟಿದ, ನನ್ನ ಪಾಳಿಯಲ್ಲಿ ಬಲಕ್ಕೆ ಹುಟ್ಟಿದ. ಇಬ್ಬರೂ ಸರಿಯಾಗಿಯೇ ನೋಡಿದ್ದೆವು. ವರ್ಷವಿಡೀ ಅದೇ ಮನೆಯಲ್ಲಿ ಇದ್ದವರು ನೋಡಿರಲಿಲ್ಲ.

"ಅಂದ್ರ," ಅಂದಳು ಮಗಳು, "ಹೂ ಬಿಟ್ಟಿದ್ದನ್ನ ಕಡಸಿ, ಒಣಗಿದ್ದನ್ನ ಇಟ್ಕೊಳ್ಳೂದಾ? ನೋಡಿದವ್ರು ಏನಂತಾರ?"

"ಒಣಗಿಲ್ಲ. ಇನ್ನೂ ಎದ್ದಿಲ್ಲ, ಅಷ್ಟ."

"ಅವ್ವಾ, ಪಾಪ, ಈ ಗಿಡಾ ಎಷ್ಟು—"

"ಪಾಪ ಹೌದು. ಕೋಣಿ ಬ್ಯಾಡ ಅನ್ರಿ, ಎರಡೂ ಇರಲಿ. ಕೋಣಿ ಬೇಕಂದ್ರ ಒಂದು ಹೋಗತೈತಿ. ಆ ಒಂದು ನಿಮ್ಮತ್ತೀದು ಅಲ್ಲ."

ಕೋಣೆ ಬೇಡ ಎಂದು ಯಾರೂ ಅನ್ನಲಿಲ್ಲ. ಫೋನಿನಲ್ಲಿ ಬೀಗಿತ್ತಿ, "ಬೀಗರೇ, ನಾಳೆ ನೀವು ಅಲ್ಲೇ ಇರ್ತೀರಾ?" ಅಂದರು.

"ಇರದ ಎಲ್ಲಿಗೆ ಹೋಗ್ಲಿ? ನನಗ ಕಾರು ಬರತೈತೇನು?"

ಅವರು ನಕ್ಕರು. ನನ್ನ ಜೊತೆ ಅವರು ನಕ್ಕದ್ದು ಅದೇ ಮೊದಲು ಅಂತ ಕಾಣುತ್ತದೆ.

ಆಮೇಲೆಯೇ ಅಳಿಯ ಕಂಪ್ಯೂಟರಿನಲ್ಲಿ ಹುಡುಕಿ ಹೆಸರು ತೆಗೆದದ್ದು. ಡಾಗ್‌ವುಡ್ ಅಂತೆ. ನಾಯಿಯ ಹೆಸರೇಕೆ ಬಂತೋ ಅವರಿಗೂ ಸರಿಯಾಗಿ ಗೊತ್ತಾಗಲಿಲ್ಲ. ನಾವು ದಳ ಅನ್ನುವ ಆ ನಾಲ್ಕು ಬಿಳಿ ಹಾಳೆಗಳು ದಳಗಳೇ ಅಲ್ಲವಂತೆ, ಎಲೆಗಳಂತೆ. ನಡುವಿನ ಸಾಸಿವೆ ಗಂಟುಗಳೇ ನಿಜವಾದ ಹೂವಂತೆ. ಇದನ್ನು ಅವರು ಮರುವಾರ ತಾಯಿಗೆ ಹೇಳಿದಾಗ ನಾನೂ ಕೇಳುತ್ತಿದ್ದೆ. "ಎಲೆಯೋ ಹೂವೋ, ದೇವರು ತಗೊಂಡಾಗಿದೆ. ಈಗ ವಾಪಸ್ ಕೇಳೋಕಾಗಲ್ಲ" ಅಂದರು. ಆ ಮಾತಿಗೆ ಮಾತ್ರ ನಾನು ಅವರಿಗೆ ಪೂರ್ತಿ ಅಂಕ ಕೊಟ್ಟೆ.

ಈಗ ಆ ಮರವನ್ನು ಯಾವ ತಿಂಗಳಲ್ಲಿ ತೋರಿಸಿದರೂ ಗುರುತು ಹಿಡಿಯುತ್ತೇನೆ. ಆಮೇಲೆ ಪಾಳಿ ಅದಲುಬದಲಾಗಿ ಒಂದೊಂದು ಸಲ ಒಂದೊಂದು ಕಾಲಕ್ಕೆ ಹೋಗಿ ಬಂದಿದ್ದೇನೆ. ಚಳಿಯಲ್ಲಿ ತುದಿಯ ರುಮಾಲು ನೋಡಬೇಕು, ತೊಗಟೆಯ ಎರೆಹೊಲ ನೋಡಬೇಕು. ಯುಗಾದಿಯ ಆಸುಪಾಸಿನಲ್ಲಿ ರುಮಾಲು ಬಿಚ್ಚಿಕೊಳ್ಳುತ್ತದೆ; ನಾಲ್ಕು ಹಾಳೆಯೂ ಮೊದಲು ಹಸಿರು, ಬರಬರುತ್ತಾ ಹಿಗ್ಗಿ ಬಿಳಿ, ತುದಿಗೆ ಆ ಚಿವುಟಿದ ಗುರುತು. ಹೂವೆಲ್ಲ ಮುಖ ಮೇಲೆ ಮಾಡಿ, ಕೊಂಬೆಯ ಮೇಲೆ ಸಾಲಾಗಿ ತಟ್ಟೆ ಇಟ್ಟ ಹಾಗೆ ಕೂತಿರುತ್ತವೆ. ಎಲೆ ಹಿಂದಿನಿಂದ ಬರುತ್ತದೆ. ಬೇಸಿಗೆಯಲ್ಲಿ ಅದು ಸಾಮಾನ್ಯ ಹಸಿರು ಮರ, ಯಾರೂ ತಿರುಗಿ ನೋಡುವುದಿಲ್ಲ. ಬಿಸಿಲು ಹೆಚ್ಚಾದರೆ ಎಲೆಯ ಅಂಚು ಸುಟ್ಟು ಸುರುಳಿಯಾಗುತ್ತದೆ. ಅನುಮಾನವಿದ್ದರೆ ಒಂದು ಎಲೆಯನ್ನು ಅಡ್ಡ ಹರಿದು, ಎರಡು ಹೋಳನ್ನೂ ಮೆಲ್ಲಗೆ ಎಳೆಯಬೇಕು. ಬಿಳಿಯ ನೂಲು ಎಳೆ ಎಳೆಯಾಗಿ ಬಂದು ಎರಡನ್ನೂ ಹಿಡಿದುಕೊಂಡಿರುತ್ತದೆ. ದಸರೆ ಕಳೆದರೆ ಕೆಂಪು ಎಲೆ, ಕೆಂಪು ಹಣ್ಣು. ಬೀಗಿತ್ತಿಗೆ ಮೊಣಕಾಲು ಸರಿಹೋದ ಮೇಲೆ ಅವರೂ ಚಳಿಗಾಲದ ಪಾಳಿಗೆ ಹೋಗಿ ಆ ಹಣ್ಣು ನೋಡಿ ಬಂದರು. "ನೀವು ಕೆಂಪು ಅಂದಿದ್ರಿ. ಅಷ್ಟೇನೂ ಕೆಂಪಿಲ್ಲ" ಅಂದರು. ಹೊಟ್ಟೆಕಿಚ್ಚು.

ಅದೆಲ್ಲ ಆಮೇಲಿನ ಮಾತು. ಫೋನು ಇಟ್ಟ ಮೇಲೆ ಅಳಿಯ ಗರಗಸದವರಿಗೆ ಹೇಳಿಕಳಿಸಲು ನೋಡಿದರು, ಅತ್ತ ಕಡೆ ಯಾರೂ ಎತ್ತಲಿಲ್ಲ. ಬೆಳಿಗ್ಗೆ ಬಂದಾಗ ಹೇಳಿದರಾಯಿತು ಎಂದರು. ನನಗೆ ಆ ಮಾತು ಸಾಲದು. ಹೇಳಿದ ಮಾತನ್ನು ಮರೆಯುತ್ತಾರೆ. ಎರಡು ಮರ ಎದುರಿಗಿದ್ದು, ಒಂದು ಹೂವಾಗಿ, ಒಂದು ಕಡ್ಡಿಯಾಗಿ ನಿಂತಿದ್ದರೆ ಯಾವ ಮನುಷ್ಯನ ಕೈಯಾದರೂ ಕಡ್ಡಿಯ ಕಡೆಗೇ ಹೋಗುತ್ತದೆ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಒಂದು ಬಟ್ಟಲಲ್ಲಿ ಅರಿಶಿನ ಕಲೆಸಿಕೊಂಡು ಹಿತ್ತಲಿಗೆ ಹೋದೆ. ಹುಲ್ಲು ಇಬ್ಬನಿಯಲ್ಲಿ ತೊಯ್ದಿತ್ತು, ರೈಲಿನ ಕೂಗು ದೂರದಿಂದ ಕೇಳುತ್ತಿತ್ತು. ಎಡಗಡೆಯ ಮರದ ಬೊಡ್ಡೆಗೆ, ಎದೆಯೆತ್ತರಕ್ಕೆ, ಸುತ್ತಲೂ ಅರಿಶಿನ ಬಳಿದೆ, ಐದು ಕಡೆ ಕುಂಕುಮ ಇಟ್ಟೆ. ಭಕ್ತಿಯಿಂದಲ್ಲ, ಗುರುತಿಗೆ. ಆ ಒಡಕು ತೊಗಟೆಯ ಸಂದಿಯಲ್ಲಿ ಅರಿಶಿನ ಚೆನ್ನಾಗಿ ಕೂತಿತು. ಅಡುಗೆಮನೆಯಿಂದ ಕುರ್ಚಿ ತಂದು ಅದೇ ಬುಡದಲ್ಲಿ ಹಾಕಿದೆ. ಕೂಸನ್ನು ಎಬ್ಬಿಸಿ, ಮುಖ ತೊಳೆಸಿ, ಸ್ವೆಟರು ಹಾಕಿ, ರಾಗಿ ಅಂಬಲಿಯ ಬಟ್ಟಲು ಹಿಡಿದುಕೊಂಡು ಬಂದು ಕೂತೆ.

ಗರಗಸದವರು ಇಬ್ಬರು ಬಂದರು. ಅಳಿಯ ಅವರಿಗೆ ಹೇಳಿದರು. ಅವರಲ್ಲಿ ದೊಡ್ಡವನು ಹೂವಿನ ಮರ ನೋಡಿದ, ನನ್ನ ಹಿಂದಿನ ಬೋಳು ಮರ ನೋಡಿದ, ಅದರ ಅರಿಶಿನದ ಪಟ್ಟಿ ನೋಡಿದ, ಅಳಿಯನ ಮುಖ ನೋಡಿದ. ಕೊನೆಗೆ ನನ್ನ ಕಡೆ ತಿರುಗಿ, ಹೂವಿನ ಮರದತ್ತ ಬೆರಳು ಮಾಡಿ, ಹುಬ್ಬು ಎತ್ತಿದ. ನಾನು ತಲೆ ಆಡಿಸಿದೆ. ನಮ್ಮ ತಲೆಯಾಟ ಅವರಿಗೆ ಹೌದೋ ಅಲ್ಲವೋ ತಿಳಿಯುವುದಿಲ್ಲವೆಂದು ಮಗಳು ಹೇಳಿದ್ದಳು. ಅದಕ್ಕೇ ಚಮಚೆಯಿಂದ ಆ ಮರವನ್ನು ತೋರಿಸಿ, ಕತ್ತರಿಸುವಂತೆ ಗಾಳಿಯಲ್ಲಿ ಎಳೆದೆ. ಆಮೇಲೆ ನನ್ನ ಬೆನ್ನಿನ ಮರವನ್ನು ಅಂಗೈಯಿಂದ ತಟ್ಟಿದೆ. ಅವನಿಗೆ ತಿಳಿಯಿತು.

ಮಗಳು ಕಿಟಕಿಯಿಂದ ಸರಿದು ಒಳಗೆ ಹೋದಳು. ಸೂರ್ಯ ಬಲಗಡೆಯ ಮರದ ಹಿಂದಿನಿಂದಲೇ ಮೇಲೇರಿ ಬಂದ, ಆ ಬಿಳಿಯ ಹೂವೆಲ್ಲ ಒಂದು ಗಳಿಗೆ ದೀಪದ ಹಾಗೆ ಹತ್ತಿಕೊಂಡಿತು. ಗರಗಸ ಶುರುವಾಯಿತು. ಆ ಸದ್ದಿಗೆ ಕೂಸು ಬೆಚ್ಚಿ ಬಾಯಿ ತೆರೆಯಿತು. ಇನ್ನೊಂದು ಚಮಚೆ ಅಂಬಲಿ ಹಾಕಿದೆ.